ಅಜ್ಜಿ ಎತ್ತಿದ ಇಂಗ್ಲಿಷ್ ಪುಸ್ತಕ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ವರ್ಷಕ್ಕೊಂದು ಸಲ ಪುಸ್ತಕಗಳಿಗೂ ರಜೆ ಸಿಗುತ್ತಿತ್ತು. ನಗಬೇಡಿ, ನಿಜವಾಗಿಯೂ ಸಿಗುತ್ತಿತ್ತು. ದಸರಾದಲ್ಲಿ ಸರಸ್ವತಿ ಪೂಜೆಯ ದಿನ ಮನೆಯ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ, ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ರೇಷ್ಮೆ ವಸ್ತ್ರ ಹೊದಿಸಿದರೆ ಮುಗಿಯಿತು. ವಿಜಯದಶಮಿಯ ದಿನ ಪೂಜೆ ಮಾಡಿ ಎತ್ತುವವರೆಗೆ ಯಾರೂ ಅವನ್ನು ಮುಟ್ಟುವ ಹಾಗಿಲ್ಲ, ಒಂದಕ್ಷರ ಓದುವ ಹಾಗಿಲ್ಲ. ಓದಿದರೆ ಸರಸ್ವತಿ ಮುನಿಸಿಕೊಂಡು ಹೊರಟುಹೋಗುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ನನ್ನಂಥ ಮೈಗಳ್ಳನಿಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರ ಬೇರೊಂದಿರಲಿಲ್ಲ. ಲೆಕ್ಕದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ತಂದು ಎಲ್ಲಕ್ಕಿಂತ ಅಡಿಯಲ್ಲಿ ಇಡುತ್ತಿದ್ದವನು ನಾನೇ.

ಆದರೆ ಒಂದು ದಸರಾದಲ್ಲಿ ಆ ರಜೆ ನಮ್ಮ ಮನೆಯವರ ಎದೆ ಹಿಂಡಿಬಿಟ್ಟಿತು. ಅದಕ್ಕೆ ಕಾರಣ ಅಕ್ಕನ ಪರೀಕ್ಷೆ. ಅಕ್ಕ ಎಂದರೆ, ಮಕ್ಕಳೇ, ನೀವೆಲ್ಲ ದೊಡ್ಡಜ್ಜಿ ಎಂದು ಕರೆಯುತ್ತೀರಲ್ಲ, ಅವಳೇ. ಈಗ ನಿಮ್ಮ ತಪ್ಪುಗಳನ್ನೆಲ್ಲ ಕನ್ನಡಕದ ಮೇಲಿಂದ ನೋಡಿಯೇ ಹಿಡಿಯುವ ಆ ದೊಡ್ಡಜ್ಜಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿದ್ದಳು. ಇದನ್ನು ಬರೆಯಲು ಅವಳ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ.

ಆಗ ನಾವು ಲಷ್ಕರ್ ಮೊಹಲ್ಲಾದ ಒಂದು ವಠಾರದಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಉದ್ದಕ್ಕೆ ಜಗಲಿ, ಎಲ್ಲರಿಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ಅಪ್ಪ ಬಡಗಿ. ಮಾತು ಕಡಿಮೆ, ಆಡಿದ ಮೇಲೆ ಮುಗಿಯಿತು. ಅಕ್ಕ ಫೇಲಾದ ದಿನ ಅವರು ಬೈಯಲಿಲ್ಲ. ಊಟ ಮುಗಿಸಿ ಕೈತೊಳೆದು ಬಂದು, ದಸರಾ ಕಳೆದ ಮೇಲೆ ಮತ್ತೆ ನಡೆಯುವ ಪರೀಕ್ಷೆಗೆ ಒಂದು ಸಲ ಕಟ್ಟಬಹುದು, ಅದರಲ್ಲೂ ಆಗದಿದ್ದರೆ ನಂಜನಗೂಡಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಹೊಲಿಗೆ ಕಲಿಯಲಿ ಎಂದರು. ಅಕ್ಕನಿಗೆ ಟೀಚರ್ ಆಗಬೇಕೆಂಬ ಹುಚ್ಚು. ವಠಾರದ ಚಿಕ್ಕ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು, ಇದ್ದಿಲಿನಿಂದ ಗೋಡೆಯ ಮೇಲೆ ಬರೆದು, ನನ್ನ ಕಿವಿ ಹಿಂಡಿ ಅಭ್ಯಾಸ ಮಾಡಿಕೊಂಡವಳು ಅವಳು. ಹೊಲಿಗೆ ಎಂಬ ಮಾತು ಕೇಳಿ ಅವಳ ಮುಖ ಬೆಳ್ಳಗಾಯಿತು.

ಅಕ್ಕ ದಡ್ಡಿಯಾಗಿರಲಿಲ್ಲ. ವ್ಯಾಕರಣ ಅವಳಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ಬೆಳಿಗ್ಗೆ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತಾಗಲೂ ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್ ಎಂದು ಶುರು. ಕೇಳಿ ಕೇಳಿ ನನಗೂ ಬಂತು. ಅಕ್ಷರವೇ ಗೊತ್ತಿಲ್ಲದ ಅಜ್ಜಿಗೂ ಬಂತು. ಒಮ್ಮೊಮ್ಮೆ ಅವಳು ಪಾತ್ರೆ ತಿಕ್ಕುತ್ತಾ ದೇವರನಾಮ ಎಲ್ಲಿ ಮುಗಿಯಿತು, ಗೋ ವೆಂಟ್ ಗಾನ್ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅಕ್ಕನಿಗೆ ಕಷ್ಟವಾಗಿದ್ದು ಸ್ವಂತವಾಗಿ ನಾಲ್ಕು ಸಾಲು ಬರೆಯುವುದು. ಪಾಠಗಳ ಜೊತೆಗೆ ಓದಬೇಕಾದ ಒಂದು ಕಥೆಪುಸ್ತಕ ಇರುತ್ತಿತ್ತು, ಹಳೆಯ ಕಾಲದ ದೊಡ್ಡ ಇಂಗ್ಲಿಷ್ ಕಾದಂಬರಿಯನ್ನು ಮಕ್ಕಳಿಗಾಗಿ ಚಿಕ್ಕದು ಮಾಡಿದ್ದು. ಮೊದಲ ಸಲ ಅವಳು ಅದನ್ನು ತೆರೆದೂ ನೋಡಲಿಲ್ಲ. ಅಂಗಡಿಯ ಗೈಡು ತಂದು ಅದರ ಉದ್ದುದ್ದ ಉತ್ತರಗಳನ್ನು ಉರು ಹೊಡೆದಳು. ಪರೀಕ್ಷೆಯಲ್ಲಿ ಒಂದು ವಾಕ್ಯ ಮರೆಯಿತು, ಅದರ ಹಿಂದೆ ಉಳಿದದ್ದೆಲ್ಲ ಹೋಯಿತು.

ಎರಡನೆಯ ಸಲ ಅವಳು ಗೈಡನ್ನು ಮೂಲೆಗೆ ಎಸೆದು ಆ ಕಥೆಯನ್ನೇ ಓದತೊಡಗಿದಳು. ಸಾಲು ಸಾಲಿಗೂ ನಿಘಂಟು ನೋಡಬೇಕು. ಆಮೆ ನಡಿಗೆ. ಸರಸ್ವತಿ ಪೂಜೆಯ ದಿನ ಬಂದಾಗ ಕೊನೆಯ ಎರಡು ಅಧ್ಯಾಯ ಇನ್ನೂ ಬಾಕಿ ಇದ್ದವು. ಪರೀಕ್ಷೆ ವಿಜಯದಶಮಿಯ ಮರುದಿನ ಬೆಳಿಗ್ಗೆ. ಆ ಒಂದು ಪುಸ್ತಕವನ್ನು ಪೂಜೆಗೆ ಇಡುವುದು ಬೇಡವೆಂದು ಅಕ್ಕ ಅಜ್ಜಿಯನ್ನು ಗೋಗರೆದಳು. ಅದು ಇಂಗ್ಲಿಷ್ ಪುಸ್ತಕ, ಸರಸ್ವತಿಗೆ ಇಂಗ್ಲಿಷ್ ಗೊತ್ತಿಲ್ಲ ಎಂದೂ ವಾದಿಸಿದಳು. ಅಕ್ಷರ ಯಾವುದಾದರೇನು, ಅಕ್ಷರವೇ ಅವಳು ಎಂದು ಅಜ್ಜಿ ಪುಸ್ತಕವನ್ನು ಕಿತ್ತುಕೊಂಡು ಮಣೆಯ ಮೇಲೆ ಇಟ್ಟೇಬಿಟ್ಟಳು. ವಿಜಯದಶಮಿಯ ಬೆಳಿಗ್ಗೆ ಎತ್ತಿದರೆ ಇಡೀ ಹಗಲು ಸಿಗುತ್ತದೆ ಎಂದು ಅಕ್ಕ ಹೇಗೋ ಸಮಾಧಾನ ಮಾಡಿಕೊಂಡಳು.

ಆ ಬೆಳಿಗ್ಗೆಯೇ ಸಿಡಿಲು ಬಡಿಯಿತು. ವಠಾರದ ಹಿರಿಯರೊಬ್ಬರು ಪಂಚಾಂಗ ನೋಡಿ, ಈ ವರ್ಷ ಸಂಜೆ ದೀಪ ಹಚ್ಚಿದ ಮೇಲೆಯೇ ಪುಸ್ತಕ ಎತ್ತಬೇಕು, ಅದಕ್ಕೆ ಮುಂಚೆ ನಕ್ಷತ್ರ ಕೂಡಿಬರುವುದಿಲ್ಲ ಎಂದುಬಿಟ್ಟರು. ಸಂಜೆ ಎಂದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಜಂಬೂಸವಾರಿ ನೋಡಲು ಹಳ್ಳಿಯಿಂದ ಬಂದ ನೆಂಟರೆಲ್ಲ ಮೆರವಣಿಗೆ ಮುಗಿಸಿಕೊಂಡು ನಮ್ಮ ಒಂದೇ ಕೋಣೆಗೆ ಬರುತ್ತಾರೆ. ಮಾತು, ನಗು, ಮಕ್ಕಳ ಅಳು, ಊಟದೆಲೆ, ಹಾಸಿಗೆ. ಅಲ್ಲಿ ಕೂತು ಯಾರು ಓದುತ್ತಾರೆ? ಅಕ್ಕ ಬಾಗಿಲಿಗೆ ಒರಗಿ ನಿಂತಳು.

ಅಪ್ಪ ಅಮ್ಮ ನೆಂಟರನ್ನು ಕರೆದುಕೊಂಡು ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿಯಲು ಬೆಳಿಗ್ಗೆಯೇ ಹೊರಟರು. ಅಕ್ಕ ಬರುವುದಿಲ್ಲ ಎಂದಳು. ನನಗೆ ಅಂಗಾಲಿಗೆ ಮುಳ್ಳು ಹೊಕ್ಕು ಕಾಲು ಬದನೆಕಾಯಿಯಂತೆ ಊದಿಕೊಂಡಿತ್ತು. ಆನೆ ನೋಡಲು ಆಗಲಿಲ್ಲವೆಂದು ಹೊಟ್ಟೆ ಉರಿಯುತ್ತಿತ್ತು, ಜಗಲಿಯ ಕಂಬವನ್ನು ಒದೆಯೋಣವೆಂದರೆ ಒದೆಯುವ ಕಾಲೇ ಅದು. ಪೂಜೆಯ ದೀಪ ಆರದಂತೆ ಎಣ್ಣೆ ಹಾಕುತ್ತಿರಲು ಅಜ್ಜಿ ಮನೆಯಲ್ಲೇ ಉಳಿದಳು. ಮಧ್ಯಾಹ್ನದ ಹೊತ್ತಿಗೆ ವಠಾರ ಪೂರ್ತಿ ಖಾಲಿಯಾಯಿತು. ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಕೋಣೆಯವರೆಗೂ ಕೇಳಿಸುತ್ತಿತ್ತು.

ಕೋಣೆಯ ತುಂಬ ಸೇವಂತಿಗೆ, ಊದಿನಕಡ್ಡಿ, ಸುಟ್ಟ ಬತ್ತಿಯ ವಾಸನೆ. ಮಣೆಯ ಒಂದು ಕಡೆ ಪುಸ್ತಕಗಳು, ಇನ್ನೊಂದು ಕಡೆ ಅಪ್ಪನ ಉಳಿ, ಗರಗಸ, ಸುತ್ತಿಗೆ. ಆಯುಧಪೂಜೆಗೆ ತೊಳೆದಿಟ್ಟ ಉಳಿಯ ಬಾಯಿ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಅಜ್ಜಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಅಕ್ಕ ಸದ್ದಿಲ್ಲದೆ ಬಂದು ಮಣೆಯ ಮುಂದೆ ಕುಳಿತಳು. ನನ್ನ ಕಡೆ ನೋಡಿದಳು. ಅವಳ ಕೈ ಮೆಲ್ಲಗೆ ರೇಷ್ಮೆ ವಸ್ತ್ರದ ಅಂಚಿನ ಕೆಳಗೆ ಹೋಯಿತು.

"ಕೈ ತಗಿ ಮಗ," ಎಂದಳು ಅಜ್ಜಿ. ಕಣ್ಣು ತೆರೆದಿರಲೇ ಇಲ್ಲ.

ಅಕ್ಕ ಕೈ ಸುಟ್ಟವಳಂತೆ ಹಿಂದೆಗೆದಳು. ಆಮೇಲೆ ಅಜ್ಜಿ ಕಣ್ಣು ತೆರೆದು, ನಮಗೆ ಯಾವತ್ತೂ ಹೇಳಿರದ ಒಂದು ಸಂಗತಿ ಹೇಳಿದಳು. ನಮ್ಮ ಅಜ್ಜನಿಗೆ ಬಲಗೈಯ ಹೆಬ್ಬೆರಳು ಇರಲಿಲ್ಲ ಎಂದು ನಮಗೆ ಗೊತ್ತಿತ್ತು, ಹೇಗೆ ಹೋಯಿತೆಂದು ಗೊತ್ತಿರಲಿಲ್ಲ. ಒಂದು ದಸರಾದಲ್ಲಿ ಯಾರದೋ ದೊಡ್ಡ ಮನೆಯ ಬಾಗಿಲು ಕೂರುತ್ತಿಲ್ಲವೆಂದು ಆಳು ಬಂದು ಕರೆದನಂತೆ. ಅಜ್ಜ ಪೂಜೆಗಿಟ್ಟ ಉಳಿಯನ್ನು ಹೊತ್ತಿಗೆ ಮುಂಚೆ ಎತ್ತಿಕೊಂಡು ಹೋದರು. ಅಜ್ಜಿ ಬೇಡವೆನ್ನಲಿಲ್ಲ. ಉಳಿ ಜಾರಿತು. ಹೆಬ್ಬೆರಳಿಲ್ಲದ ಬಡಗಿ ಉಳಿ ಹಿಡಿಯುವುದು ಹೇಗೆ? ಅಪ್ಪ ಇಸ್ಕೂಲು ಬಿಟ್ಟು ಆ ಉಳಿ ಹಿಡಿಯಬೇಕಾಯಿತು.

"ಅವತ್ತು ನಾನು ಸುಮ್ಕಿದ್ದೆ," ಎಂದಳು ಅಜ್ಜಿ. "ಇವತ್ತು ಸುಮ್ಕಿರಕಿಲ್ಲ. ನಿನ್ನಿಂದ ಸರಸ್ವತಿ ಹೊಂಟೋದ್ರೆ ನೀನು ಏನ್ಮಾಡೀಯೆ?"

ಅದನ್ನು ಕೇಳಿ ನನಗೆ ಕಾಲಿನ ನೋವೇ ಮರೆತುಹೋಯಿತು. ಹೊಳೆಯುತ್ತಿದ್ದ ಆ ಉಳಿ ಅದೇ ಉಳಿ ಇರಬಹುದೇ ಎಂದು ನೋಡಿದೆ, ಕೇಳಲು ಧೈರ್ಯ ಬರಲಿಲ್ಲ. ಅಕ್ಕ ಮೊಣಕಾಲಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ಓದಿದ್ದೂ ಮರೆತುಹೋಗುತ್ತಿದೆ, ನಾಳೆ ಪ್ರಶ್ನೆಪತ್ರಿಕೆ ನೋಡಿದರೆ ಹೋದ ಸಲದಂತೆಯೇ ತಲೆ ಖಾಲಿಯಾಗುತ್ತದೆ, ನಾನು ನಂಜನಗೂಡಿಗೆ ಹೋಗುವುದೇ ಗಟ್ಟಿ ಎಂದು ಬಿಕ್ಕಿದಳು. ಸಂಜೆಯ ಪೂಜೆಗೆ ಹೂ ಕಟ್ಟಬೇಕಿತ್ತು. ಅಜ್ಜಿ ಮೊರದಲ್ಲಿದ್ದ ಸೇವಂತಿಗೆಯನ್ನು ಹತ್ತಿರ ಎಳೆದುಕೊಂಡು, ಬಾಳೆನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡಳು.

"ಓದಬ್ಯಾಡ ಅಂದೆ. ಹೇಳಬ್ಯಾಡ ಅಂದ್ನಾ?" ಎಂದಳು. "ಆ ಕತೆ ಏನು, ನಂಗೆ ಹೇಳು."

ಅಕ್ಕ ಮೂಗೊರೆಸಿಕೊಂಡು, ಅರೆಮನಸ್ಸಿನಿಂದ ಶುರುಮಾಡಿದಳು. ಒಂದು ಊರು, ಊರಿಗೊಂದು ಗಿರಣಿ, ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ವಿಧವೆ, ಅವಳಿಗೆ ಇಬ್ಬರು ಗಂಡುಮಕ್ಕಳು. ಆ ಮಕ್ಕಳ ಹೆಸರು ಅಜ್ಜಿಯ ನಾಲಿಗೆಗೆ ಹತ್ತಲಿಲ್ಲ. ಅವಳು ದೊಡ್ಡೋನು, ಚಿಕ್ಕೋನು ಎಂದಳು, ನಮಗೂ ಇವತ್ತಿನವರೆಗೆ ಅವರು ದೊಡ್ಡೋನು, ಚಿಕ್ಕೋನೇ. ಚಿಕ್ಕೋನು ಒಂದು ಸಂಜೆ ಬೇಡವೆಂದರೂ ಕೇಳದೆ ಗಿರಣಿಯ ಹುಲ್ಲಿನ ಕೋಣೆಗೆ ದೀಪ ತೆಗೆದುಕೊಂಡು ಹೋದ. ದೀಪ ಬಿತ್ತು. ಗಿರಣಿ ಉರಿದುಹೋಯಿತು. ಪೊಲೀಸರು ಬಂದು ಯಾರೆಂದು ಕೇಳಿದಾಗ ದೊಡ್ಡೋನು ಮುಂದೆ ಬಂದು ನಾನೇ ಎಂದ.

ಅಜ್ಜಿಯ ಕೈಯಲ್ಲಿದ್ದ ಹೂ ಅಲ್ಲೇ ನಿಂತಿತು. ಅವರವ್ವನಿಗೆ ನಿಜ ಗೊತ್ತಿತ್ತಾ ಎಂದು ಕೇಳಿದಳು. ಅಕ್ಕ ತಡವರಿಸಿದಳು. ಈ ಪ್ರಶ್ನೆ ಗೈಡಿನಲ್ಲಿ ಇರಲಿಲ್ಲ. ಕಣ್ಣು ಮುಚ್ಚಿ ನೆನೆದು, ಗೊತ್ತಿತ್ತು, ಯಾಕೆಂದರೆ ಚಿಕ್ಕೋನ ಅಂಗಿಯ ತೋಳು ಸುಟ್ಟಿದ್ದನ್ನು ಅವಳು ರಾತ್ರಿ ಕೂತು ಹೊಲಿದಳು ಎಂದು ಬರೆದಿದೆ ಎಂದಳು. ಹಾಗಾದರೆ ಅವಳು ಯಾಕೆ ಬಾಯಿ ಬಿಡಲಿಲ್ಲ? ದೊಡ್ಡೋನು ಜೈಲಿಗೆ ಹೋಗುವಾಗ ತಿರುಗಿ ನೋಡಿದನಾ? ಚಿಕ್ಕೋನಿಗೆ ರಾತ್ರಿ ನಿದ್ದೆ ಬರುತ್ತಿತ್ತಾ? ಅಜ್ಜಿ ಒಂದೊಂದೇ ಕೇಳಿದಳು. ಅಕ್ಕ ಒಂದೊಂದಕ್ಕೂ ಪುಟಗಳನ್ನು ತಲೆಯೊಳಗೇ ತಿರುವಿ ಉತ್ತರ ಹುಡುಕಿದಳು. ಕೆಲವಕ್ಕೆ ಪುಸ್ತಕದ ಇಂಗ್ಲಿಷ್ ವಾಕ್ಯವೇ ಬಾಯಿಗೆ ಬಂತು, ಅದನ್ನು ಹೇಳಿ, ಹಿಂದೆಯೇ ಕನ್ನಡದಲ್ಲಿ ಬಿಡಿಸಿದಳು. ನೋಡುತ್ತಿದ್ದಂತೆ ಅವಳ ಬೆನ್ನು ನೆಟ್ಟಗಾಯಿತು, ಜಗಲಿಯ ಮೇಲೆ ನಮಗೆ ಪಾಠ ಮಾಡುವಾಗಿನ ದನಿ ಬಂತು. ನಾನು ಕುಂಟುತ್ತಾ ಬಂದು ಅಜ್ಜಿಯ ಪಕ್ಕ ಕುಳಿತೆ.

ಕಥೆ ಮುಂದೆ ಹೋಯಿತು. ಚಿಕ್ಕೋನನ್ನು ಒಬ್ಬ ಸಿರಿವಂತ ಸಾಕಿಕೊಂಡು ಕಾನೂನು ಓದಿಸಿದ. ಅವನು ನ್ಯಾಯಾಧೀಶನಾದ. ದೊಡ್ಡೋನು ಜೈಲಿನಿಂದ ಬಂದ, ಜೈಲಿಗೆ ಹೋದವನೆಂದು ಯಾರೂ ಕೆಲಸ ಕೊಡಲಿಲ್ಲ. ಊರೂರು ಅಲೆದ. ಕೊನೆಗೆ ಯಾರೋ ಕದ್ದ ಕುದುರೆಯ ಅಪವಾದ ಇವನ ತಲೆಗೆ ಬಂತು. ಕೈಗೆ ಕೋಳ ಹಾಕಿ ಕೋರ್ಟಿಗೆ ತಂದು ನಿಲ್ಲಿಸಿದರು. ಎತ್ತರದ ಕುರ್ಚಿಯ ಮೇಲೆ ಕುಳಿತಿದ್ದವನು ಚಿಕ್ಕೋನು. ಅಣ್ಣನ ಮುಖ ನೋಡಿದ. ಗುರುತು ಹಿಡಿದ. ಅಣ್ಣನೂ ಗುರುತು ಹಿಡಿದ, ಆದರೆ ತಲೆ ತಗ್ಗಿಸಿಕೊಂಡು ನಿಂತ.

ಅಕ್ಕ ಅಲ್ಲಿಗೆ ನಿಲ್ಲಿಸಿದಳು.

"ಆಮ್ಯಾಕೆ?" ಎಂದಳು ಅಜ್ಜಿ.

ಅಕ್ಕ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಆಮ್ಯಾಕೆ ಏನಾಯ್ತು, ಹೇಳ್ಬುಡು. ಚಿಕ್ಕೋನು ಬಾಯಿ ಬುಟ್ನಾ ಇಲ್ವಾ?"

"ಗೊತ್ತಿಲ್ಲ ಅಜ್ಜಿ," ಎಂದಳು ಅಕ್ಕ. "ನಾನು ಓದಿರೋದು ಇಲ್ಲಿಗೇ. ಮಿಕ್ಕಿದ್ದು ಅಲ್ಲಿದೆ."

ಅವಳು ಮಣೆಯ ಕಡೆ ಬೆರಳು ತೋರಿಸಲೂ ಇಲ್ಲ, ಸುಮ್ಮನೆ ನೋಡಿದಳು. ಅಜ್ಜಿಯೂ ನೋಡಿದಳು. ನಾನೂ ನೋಡಿದೆ. ರೇಷ್ಮೆ ವಸ್ತ್ರದ ಕೆಳಗೆ, ನನ್ನ ಲೆಕ್ಕದ ಪುಸ್ತಕದ ಮೇಲೆ, ಆ ಇಬ್ಬರು ಅಣ್ಣತಮ್ಮಂದಿರು ಮಾತಿಲ್ಲದೆ ನಿಂತಿದ್ದರು. ಹೊರಗೆ ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮೆರವಣಿಗೆ ಹೊರಡುತ್ತದೆ, ಆಮೇಲೆ ನೆಂಟರು ಬರುತ್ತಾರೆ, ಓದುವ ಹೊತ್ತು ಮುಗಿಯಿತು. ಅಜ್ಜಿ ಹೂ ಕಟ್ಟಲು ಹೋದಳು, ಗಂಟು ಬೀಳಲಿಲ್ಲ. ಎದ್ದು ದೀಪಕ್ಕೆ ಎಣ್ಣೆ ಹಾಕಿದಳು. ಅದರ ತುಂಬ ಎಣ್ಣೆ ಇತ್ತು, ಚೆಲ್ಲಿತು. ಹೊಸ್ತಿಲವರೆಗೆ ಹೋಗಿ ಬಂದಳು. ಆ ಮುದಿ ಮುಖದಲ್ಲಿ ಅಷ್ಟೊಂದು ಸಂಕಟವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹೆಬ್ಬೆರಳಿನ ಭಯ ಒಂದು ಕಡೆ, ಅಕ್ಕನ ಬಾಳು ಒಂದು ಕಡೆ, ಇವೆರಡರ ನಡುವೆ ದೊಡ್ಡೋನು ಬೇರೆ ಕೈಕೋಳ ಹಾಕಿಕೊಂಡು ನಿಂತಿದ್ದ.

ಕೊನೆಗೆ ಅವಳು ಅಂಗಳಕ್ಕೆ ಹೋಗಿ ನಲ್ಲಿಯ ಕೆಳಗೆ ತಲೆಯ ಮೇಲೆ ನೀರು ಸುರಿದುಕೊಂಡಳು. ಬೇರೆ ಸೀರೆ ಉಟ್ಟು, ನೀರು ಸೋರುವ ಕೂದಲಿನಲ್ಲೇ ಬಂದು ಮಣೆಯ ಮುಂದೆ ಕುಳಿತು ಕರ್ಪೂರ ಹಚ್ಚಿದಳು. ಅಕ್ಕ ಗಾಬರಿಯಿಂದ ಅವಳ ತೋಳು ಹಿಡಿದು, ಬೇಡ ಅಜ್ಜಿ, ನನಗೆ ಪುಸ್ತಕ ಬೇಡ, ಹೇಗೋ ಬರೆಯುತ್ತೇನೆ ಎಂದಳು. ಅಜ್ಜಿ ಆ ಕೈಯನ್ನು ಬಿಡಿಸಿಕೊಂಡಳು.

"ತಾಯಿ," ಎಂದಳು, ಪಕ್ಕದ ಮನೆಯವಳೊಂದಿಗೆ ಮಾತಾಡುವಂತೆ, "ಎತ್ತುತಾ ಇರೋದು ನಾನು. ಕೂಸಲ್ಲ. ತಪ್ಪು ನಂದು. ನಂಗೆ ಒಂದಕ್ಸರ ಬರಕಿಲ್ಲ. ನನ್ನತ್ರ ಕಿತ್ಕೊಳ್ಳಕೆ ನಿಂಗೆ ಏನದೆ?"

ಅವಳ ಕೈ ವಸ್ತ್ರದೊಳಗೆ ಹೋಯಿತು. ಅದೇ ಗಳಿಗೆಗೆ ಢಂ ಎಂದು ಸದ್ದಾಯಿತು. ಕಿಟಕಿ ಅದುರಿತು. ಅಜ್ಜಿಯ ಕೈ ಹಾಗೇ ನಿಂತುಹೋಯಿತು. ಮತ್ತೊಂದು ಢಂ. ದೇವಿ ಬಂದೇಬಿಟ್ಟಳು ಎಂದು ನಾನು ಅಕ್ಕನ ಲಂಗ ಹಿಡಿದುಕೊಂಡೆ. ಆಮೇಲೆ ದೂರದಲ್ಲಿ ಬ್ಯಾಂಡಿನ ಸದ್ದು ಕೇಳಿತು.

"ತೋಪು ಅಜ್ಜಿ, ಕುಶಾಲ ತೋಪು," ಎಂದಳು ಅಕ್ಕ. "ಅಂಬಾರಿ ಹೊರಟಿತು."

ಅಂಬಾರಿಗೆ ತೋಪು ಹಾರುತ್ತಲೇ ಇತ್ತು. ಒಂದೊಂದು ಸದ್ದಿಗೂ ಅಜ್ಜಿ ಬೆಚ್ಚಿದಳು, ಆದರೆ ಕೈ ಹಿಂದೆ ತೆಗೆಯಲಿಲ್ಲ. ಪುಸ್ತಕವನ್ನು ಎಳೆದು, ಕಣ್ಣಿಗೊತ್ತಿಕೊಂಡು, ಅಕ್ಕನ ಕೈಯಲ್ಲಿಟ್ಟಳು. ಪೂಜೆಯಿಂದ ಎತ್ತಿದ್ದು ತಾನು, ಅಕ್ಕ ತೆಗೆದುಕೊಂಡದ್ದು ತನ್ನ ಕೈಯಿಂದ, ಎರಡೂ ಒಂದಲ್ಲ ಎಂದು ಎರಡೆರಡು ಸಲ ಹೇಳಿದಳು. ನನ್ನನ್ನೂ ಸಾಕ್ಷಿ ಮಾಡಿಕೊಂಡಳು. ವ್ಯಾಕರಣದ ಪುಸ್ತಕವೂ ಬೇಕೇ ಎಂದು ನಾನು ಕೇಳಿದೆ. ಒಂದು ಪಾಪ ಸಾಕು, ಆ ಗೋ ವೆಂಟ್ ಗಾನ್ ತನಗೇ ಬರುತ್ತದೆ, ಬೇಕಾದರೆ ತಾನೇ ಹೇಳಿಕೊಡುತ್ತೇನೆ ಎಂದಳು ಅಜ್ಜಿ. ಅಕ್ಕ ಅಳುತ್ತಲೇ ನಕ್ಕಳು.

ಆಮೇಲೆ ನಾವು ಮೂವರೂ ಕಿಟಕಿಯ ಕೆಳಗೆ ಕುಳಿತೆವು. ಅಕ್ಕ ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಒಂದು ಸಾಲು ಕನ್ನಡದಲ್ಲಿ ಹೇಳುವುದು. ತಿಳಿಯದ ಪದ ಬಂದಾಗ ನಿಘಂಟು ಇರಲಿಲ್ಲ, ಅದೂ ಪೂಜೆಯಲ್ಲಿತ್ತು. ಮುಂದಿನ ಸಾಲು ನೋಡಿ ಅರ್ಥ ಊಹಿಸಿದಳು, ಅಜ್ಜಿ ಹೌದು ಹಾಗೇ ಇರಬೇಕು ಎಂದು ಒಪ್ಪಿಗೆ ಕೊಟ್ಟಳು. ನ್ಯಾಯಾಧೀಶ ಕುರ್ಚಿಯಿಂದ ಎದ್ದ. ಮೈಮೇಲಿನ ಕರಿಯ ನಿಲುವಂಗಿ ಬಿಚ್ಚಿ ಕುರ್ಚಿಯ ಮೇಲೆ ಇಟ್ಟ. ಇಳಿದು ಬಂದು ಅಣ್ಣನ ಪಕ್ಕ ನಿಂತು, ಗಿರಣಿ ಸುಟ್ಟವನು ನಾನು ಎಂದ. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ಅದನ್ನು ನೋಡಲು ಅವರವ್ವ ಅಲ್ಲಿದ್ದಳಾ ಎಂದು ಕೇಳಿದಳು. ಇಲ್ಲ, ಅವಳು ಸತ್ತು ಎಷ್ಟೋ ವರ್ಷವಾಗಿತ್ತು. ಅದನ್ನು ಬರೆದವನಿಗೆ ಅಜ್ಜಿ ಅವತ್ತು ಬೈದ ಬೈಗುಳವನ್ನು ಮಕ್ಕಳ ಮುಂದೆ ಹೇಳುವ ಹಾಗಿಲ್ಲ.

ಸಂಜೆ ಅಪ್ಪ ಬಂದರು, ಹಿಂದೆ ನೆಂಟರ ದಂಡು. ಕೋಣೆಗೆ ಕಾಲಿಟ್ಟ ಕೂಡಲೇ ಅವರ ಕಣ್ಣು ಮಣೆಯ ಮೇಲೆ ಹೋಯಿತು. ವಸ್ತ್ರ ಒಂದು ಕಡೆ ತಗ್ಗಿತ್ತು. ಅಕ್ಕನ ಕೈಯಲ್ಲಿ ಕುಂಕುಮ ಮೆತ್ತಿದ ಪುಸ್ತಕ. ಇದನ್ನು ಎತ್ತಿದ್ದು ಯಾರು ಎಂದು ಕೇಳಿದರು. ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಅಜ್ಜಿ ಅಕ್ಕನ ಮುಂದೆ ಬಂದು ನಿಂತು, ನಾನು ಎಂದಳು. ಅಪ್ಪ ಅವಳ ಒದ್ದೆ ಕೂದಲನ್ನು ನೋಡಿದರು. ಆಮೇಲೆ ತಮ್ಮ ಉಳಿಯನ್ನು ನೋಡಿದರು, ಬಹಳ ಹೊತ್ತು. ಹೊರಗೆ ಹೋಗಿ, ಒಳಗೆ ಸೆಖೆ ಎಂದು ನೆಪ ಹೇಳಿ ನೆಂಟರಿಗೆಲ್ಲ ಜಗಲಿಯ ಮೇಲೆ ಚಾಪೆ ಹಾಸಿದರು. ಅಡುಗೆಮನೆಯಲ್ಲಿ ಅಕ್ಕನಿಗೆ ದೀಪ ತಂದಿಟ್ಟವರೂ ಅವರೇ.

ಮರುದಿನ ಅಪ್ಪ ಅಕ್ಕನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಪರೀಕ್ಷೆಗೆ ಬಿಟ್ಟುಬಂದರು. ನನಗೆ ಪರೀಕ್ಷೆಯ ಚಿಂತೆಗಿಂತ ಅಜ್ಜಿಯ ಬೆರಳಿನ ಚಿಂತೆ ಹೆಚ್ಚಾಗಿತ್ತು. ಅವಳು ಈಳಿಗೆಮಣೆಯಲ್ಲಿ ಕುಂಬಳಕಾಯಿ ಹೆಚ್ಚಲು ಕೂತರೆ ನಾನು ಎದುರಿಗೇ ಕೂತು ಅವಳ ಹೆಬ್ಬೆರಳನ್ನೇ ಕಾಯುತ್ತಿದ್ದೆ. ಅವಳೂ ಹೆದರಿದ್ದಳು ಎಂದು ಈಗ ಅನ್ನಿಸುತ್ತದೆ, ಯಾಕೆಂದರೆ ಎಂದಿಗಿಂತ ದಪ್ಪ ದಪ್ಪ ಹೋಳು ಹೆಚ್ಚುತ್ತಿದ್ದಳು. ಬೆರಳಿಗೆ ಏನೂ ಆಗಲಿಲ್ಲ. ಆದರೂ ಫಲಿತಾಂಶ ಬರುವವರೆಗೆ ಅವಳಿಗೆ ನೆಮ್ಮದಿ ಇರಲಿಲ್ಲ. ದೇವಿ ಕೋಪವನ್ನು ತನ್ನ ಮೇಲೆ ತೀರಿಸಿಕೊಳ್ಳುತ್ತಿಲ್ಲವೆಂದರೆ ಕೂಸಿನ ಮೇಲೆ ತೀರಿಸುತ್ತಾಳೋ ಏನೋ ಎಂದು ಅಮ್ಮನೊಂದಿಗೆ ಪಿಸುಗುಟ್ಟಿದ್ದನ್ನು ನಾನು ಕೇಳಿಸಿಕೊಂಡೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ.

ಫಲಿತಾಂಶ ಪತ್ರಿಕೆಯಲ್ಲಿ ಬಂತು, ಬರೀ ನಂಬರುಗಳು, ಇರುವೆ ಸಾಲಿನಂತೆ. ಅಪ್ಪ ಜಗಲಿಯ ಮೇಲೆ ಪತ್ರಿಕೆ ಹರಡಿಕೊಂಡು ಬೆರಳಿಟ್ಟು ಹುಡುಕಿದರು. ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಜ್ಜಿ ಕಂಬ ಹಿಡಿದು ನಿಂತಿದ್ದಳು. ಅಪ್ಪನ ಬೆರಳು ಒಂದು ಕಡೆ ನಿಂತಿತು. ಅವರು ತಲೆ ಎತ್ತಿ, ಅಜ್ಜಿಯ ಕಡೆ ತಿರುಗಿ, "ಪಾಸಾಗವಳೆ ಕಣವ್ವ," ಎಂದರು. ಅಕ್ಕನಿಗಲ್ಲ, ಅಜ್ಜಿಗೆ ಹೇಳಿದರು.

ಅಂಕವೇನೂ ಹೇಳಿಕೊಳ್ಳುವಂಥದಲ್ಲ, ದಡ ಮುಟ್ಟಿದ್ದಳು ಅಷ್ಟೆ. ನಿನಗೆ ಇಷ್ಟವಾದ ಪಾತ್ರದ ಬಗ್ಗೆ ಬರೆ ಎಂದು ಪ್ರಶ್ನೆ ಬಂದಿತ್ತಂತೆ. ಈ ಸಲವೂ ಒಂದು ಗಳಿಗೆ ತಲೆ ಖಾಲಿಯಾಯಿತಂತೆ. ಆಗ ಅಜ್ಜಿ ಎದುರಿಗೆ ಹೂ ಕಟ್ಟುತ್ತಾ ಕೂತಿದ್ದಾಳೆ ಎಂದುಕೊಂಡು, ಅವಳು ಕೇಳಿದ್ದಕ್ಕೆಲ್ಲ ಚಿಕ್ಕ ಚಿಕ್ಕ ವಾಕ್ಯದಲ್ಲಿ ಉತ್ತರ ಕೊಡುತ್ತಾ ಹೋದಳಂತೆ. ಅಕ್ಕ ಮುಂದೆ ಟೀಚರಾದಳು, ಇಂಗ್ಲಿಷಿಗೇ. ಅವಳ ತರಗತಿಯಲ್ಲಿ ಯಾವ ಮಗುವೂ ಗೈಡು ತರುವ ಹಾಗಿರಲಿಲ್ಲ. ಪಾಠ ಓದಿದ ಮೇಲೆ ಮನೆಗೆ ಹೋಗಿ ಅಕ್ಷರ ಬಾರದ ಒಬ್ಬರಿಗೆ ಅದನ್ನು ಹೇಳಿ, ಅವರು ಏನು ಕೇಳಿದರು ಎಂದು ಬಂದು ಹೇಳಬೇಕಿತ್ತು.

ಆ ವರ್ಷದಿಂದ ನಮ್ಮ ಮನೆಯ ಪೂಜೆಗೆ ಒಂದು ಹೊಸ ಶಾಸ್ತ್ರ ಸೇರಿತು. ಅಜ್ಜಿ ಮಣೆಯ ಪಕ್ಕ ಕೂತು, ತಂದ ಒಂದೊಂದು ಪುಸ್ತಕಕ್ಕೂ, ಇದು ಓದಿ ಮುಗಿಯಿತಾ ಎಂದು ಕೇಳುತ್ತಿದ್ದಳು. ಮುಗಿದಿದ್ದರೆ ಮಣೆಯ ಮೇಲೆ. ಅರ್ಧ ಓದಿದ್ದಾದರೆ ಪೂಜೆಗೆ ಸಲ್ಲುವುದಿಲ್ಲ, ವಾಪಸ್ಸು ಕೈಗೆ. ವಠಾರದವರು ಇದು ಯಾವುದೋ ಹಳೆಯ ಸಂಪ್ರದಾಯವೇ ಇರಬೇಕೆಂದು ತಾವೂ ಹಿಡಿದರು. ನನ್ನ ಲೆಕ್ಕದ ಪುಸ್ತಕಕ್ಕೆ ಮಾತ್ರ ಆಮೇಲೆ ಯಾವತ್ತೂ ರಜೆ ಸಿಗಲಿಲ್ಲ.

ಮಕ್ಕಳೇ, ಈ ಕುವೆಂಪುನಗರದ ಮನೆಯಲ್ಲಿ ನಿಮಗೆ ಒಬ್ಬೊಬ್ಬರಿಗೂ ಒಂದೊಂದು ಮೇಜು, ಒಂದೊಂದು ದೀಪ. ನಮ್ಮ ವಠಾರದ ಎಲ್ಲರ ಪುಸ್ತಕ ಕೂಡಿಸಿದರೂ ನಿಮ್ಮ ಒಂದು ಕಪಾಟಿನಷ್ಟಾಗುತ್ತಿರಲಿಲ್ಲ. ಕಥೆಯ ಕೊನೆ ಬೇಕೆಂದರೆ ನೀವು ಯಾರನ್ನೂ ಕಾಯಬೇಕಿಲ್ಲ, ಯಾವ ದೇವರಿಗೂ ಹೆದರಬೇಕಿಲ್ಲ, ಫೋನಿನ ಮೇಲೆ ಬೆರಳಾಡಿಸಿದರೆ ಸಾಕು. ನನಗೆ ಅದರ ಮೇಲೆ ಸಿಟ್ಟಿಲ್ಲ. ಅಂಥದೊಂದು ಇದ್ದಿದ್ದರೆ ಅಕ್ಕ ಆ ಮಧ್ಯಾಹ್ನ ಅಷ್ಟು ಅಳುತ್ತಿರಲಿಲ್ಲ. ಆದರೆ ಅಜ್ಜಿಗೆ ಆ ಕಥೆ ಗೊತ್ತಾಗುತ್ತಲೂ ಇರಲಿಲ್ಲ.

ಮೊನ್ನೆ ದಸರಾದಲ್ಲಿ ನಮ್ಮ ಪುಟ್ಟಿ ತೋಳು ತುಂಬ ಇಂಗ್ಲಿಷ್ ಪುಸ್ತಕ ತಂದು ಮಣೆಯ ಮೇಲೆ ದಬ್ಬೆಂದು ಇಟ್ಟಳು. ವ್ಯಾಕರಣದ್ದು, ಕಥೆಯದ್ದು, ಬಣ್ಣ ಬಣ್ಣದ್ದು. ಓದಿ ಮುಗಿಯಿತಾ ಎಂದು ಕೇಳಿದೆ. ಅವಳು ಕಾಲ್ಬೆರಳು ನೋಡಿಕೊಂಡು, ಒಂದೂ ಮುಗಿದಿಲ್ಲ ತಾತ, ಇದೊಂದು ಮುಕ್ಕಾಲು ಆಗಿದೆ ಎಂದಳು. ಎಲ್ಲವನ್ನೂ ಅವಳಿಗೇ ವಾಪಸ್ಸು ಕೊಟ್ಟೆ. ಕೊನೆಯಲ್ಲಿ ಏನಾಗುತ್ತದೆಂದು ಈಗಲೇ ನೋಡಿ ಹೇಳಿಬಿಡುತ್ತೇನೆ ಎಂದು ಅವಳು ಫೋನು ತೆಗೆದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ದೊಡ್ಡಜ್ಜಿ ಎದ್ದು ಬಂದು ಫೋನನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, ಅದಕ್ಕೆ ಕುಂಕುಮ ಹಚ್ಚಿ, ಖಾಲಿ ಮಣೆಯ ಮೇಲೆ ಇಟ್ಟಳು. ಈ ವರ್ಷ ಇದಕ್ಕೆ ರಜೆ ಎಂದಳು.

ಪುಟ್ಟಿ ಮುಖ ಊದಿಸಿಕೊಂಡು ಕುಳಿತಳು. ಆಮೇಲೆ ಬೇರೆ ದಾರಿಯಿಲ್ಲದೆ, ಆ ಮುಕ್ಕಾಲು ಓದಿದ ಕಥೆಯನ್ನು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ನಾವಿಬ್ಬರೂ ಹತ್ತಿರ ಸರಿದೆವು. ಒಂದು ಕಡೆ ಅವಳು ನಿಲ್ಲಿಸಿ, ಓದಿರುವುದು ಇಲ್ಲಿಗೇ ಎಂದಳು.

"ಆಮ್ಯಾಕೆ?" ಎಂದಳು ಅಕ್ಕ, ಥೇಟ್ ಅಜ್ಜಿಯ ದನಿಯಲ್ಲಿ.